ಫೋನಿನ ‘ಸಾರ್’ ಅಂಕಿ ಬಿಡಿ, ಸಿಗ್ನಲ್ ಕಡ್ಡಿ ನೋಡಿ

ಹೊಸ ಫೋನ್ ಕೊಳ್ಳುವ ಮುಂಚೆ ಎಲ್ಲರೂ ಸ್ಪೆಸಿಫಿಕೇಶನ್ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ರ‍್ಯಾಮ್ ಎಷ್ಟು. ಪಟ್ಟಿ ಮುಗಿಯುವ ಹೊತ್ತಿಗೆ, ಫೋನಿನ ತೂಕ, ಡಬ್ಬಿಯಲ್ಲಿ ಏನೇನು ಬರುತ್ತದೆ ಅನ್ನುವ ವಿವರಗಳ ಆಸುಪಾಸಿನಲ್ಲಿ, ಒಂದು ಒಂಟಿ ಸಾಲು ಇರುತ್ತದೆ. ‘ಸಾರ್: ತಲೆ 1.19, ದೇಹ 0.87’ ಅನ್ನುವಂಥದ್ದು. ಹೆಚ್ಚಿನವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕೆಲವರು ಮಾತ್ರ ಅಲ್ಲೇ ನಿಂತುಬಿಡುತ್ತಾರೆ.

ನನ್ನ ಗೆಳೆಯನೊಬ್ಬ ಹಾಗೆ ನಿಂತವನು. ಎರಡು ಫೋನ್‌ಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ನನಗೆ ಸ್ಕ್ರೀನ್‌ಶಾಟ್ ಕಳಿಸಿದ. ‘ನೋಡೋ, ಇದರದ್ದು 1.19, ಅದರದ್ದು 0.6. ಅಂದ್ರೆ ಇದು ಡಬಲ್ ಡೇಂಜರ್ ಅಲ್ವೇನೋ?’

ಅಲ್ಲ ಅಂದೆ. ಯಾಕೆ ಅಲ್ಲ ಅಂತ ಫೋನಿನಲ್ಲಿ ಹೇಳೋಕೆ ಹೋಗಿ ಅರ್ಧ ಗಂಟೆ ಆಯಿತು. ಅಷ್ಟು ಹೊತ್ತೂ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದೆ ಅನ್ನುವುದು ಬೇರೆ ಮಾತು.

ಮೊದಲು ಈ ‘ಸಾರ್’ ಏನು ಅಂತ ನೋಡೋಣ. ಎಸ್, ಎ, ಆರ್ ಅನ್ನುವ ಮೂರು ಅಕ್ಷರಗಳನ್ನು ಸೇರಿಸಿ ಓದಿದರೆ ಯಾರೋ ಮೇಷ್ಟ್ರನ್ನು ಕರೆದ ಹಾಗೆ ಕೇಳಿಸುತ್ತದೆ. ಅರ್ಥ ಸರಳ. ಫೋನ್ ಹೊರಡಿಸುವ ರೇಡಿಯೊ ತರಂಗದ ಶಕ್ತಿಯಲ್ಲಿ ಸ್ವಲ್ಪ ಭಾಗವನ್ನು ನಮ್ಮ ಮೈ ಹೀರಿಕೊಳ್ಳುತ್ತದೆ. ಮೈಯ ಒಂದು ಕೆಜಿ ಭಾಗಕ್ಕೆ ಎಷ್ಟು ವ್ಯಾಟ್ ಲೆಕ್ಕದಲ್ಲಿ ಹೀರಿಕೊಳ್ಳುತ್ತದೆ ಅನ್ನುವುದೇ ಸಾರ್. ಹೀರಿಕೊಂಡ ಶಕ್ತಿ ಏನಾಗುತ್ತದೆ? ಬಿಸಿಯಾಗುತ್ತದೆ, ಅಷ್ಟೇ. ಹಾಗಾಗಿ ಸಾರ್ ಅನ್ನುವುದು ಕೊನೆಗೂ ಬಿಸಿಯ ಲೆಕ್ಕ.

ಅಮೆರಿಕದಲ್ಲಿ ಇದರ ಮಿತಿ ಕೆಜಿಗೆ 1.6 ವ್ಯಾಟ್. ಭಾರತವೂ 2012ರ ಸೆಪ್ಟೆಂಬರ್‌ನಿಂದ ಇದನ್ನೇ ಪಾಲಿಸುತ್ತಿದೆ. ಯುರೋಪಿನಲ್ಲಿ ತಲೆ ಮತ್ತು ಮುಂಡಕ್ಕೆ ಕೆಜಿಗೆ 2 ವ್ಯಾಟ್. ‘ಓ, ಯುರೋಪಿನವರು ಸ್ವಲ್ಪ ಸಡಿಲ’ ಅನ್ನಿಸುತ್ತದೆ, ಅಲ್ವಾ? ವ್ಯತ್ಯಾಸ ಅದಕ್ಕಿಂತ ಜಾಸ್ತಿಯೇ ಇದೆ, ಆದರೆ ಅಂಕಿಯಲ್ಲಿ ಅದು ಕಾಣುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ ಸರಾಸರಿ ತೆಗೆಯುವುದು 1 ಗ್ರಾಂ ತುಣುಕಿನ ಮೇಲೆ. ಯುರೋಪಿನಲ್ಲಿ 10 ಗ್ರಾಂ ಮೇಲೆ. ಶಕ್ತಿ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಒಂದೆರಡು ಜಾಗದಲ್ಲಿ ಗುಡ್ಡೆ ಬೀಳುತ್ತದೆ. ಚಿಕ್ಕ ತುಣುಕು ತೆಗೆದುಕೊಂಡರೆ ಆ ಬಿಸಿ ಚುಕ್ಕೆ ಸಿಕ್ಕಿಬೀಳುತ್ತದೆ. ದೊಡ್ಡ ತುಣುಕು ತೆಗೆದುಕೊಂಡರೆ ಅಕ್ಕಪಕ್ಕದ ತಣ್ಣಗಿನ ಭಾಗವೂ ಸೇರಿ ಸರಾಸರಿ ಇಳಿಯುತ್ತದೆ. ಹೀಗಾಗಿ ಒಂದೇ ಫೋನಿಗೆ ಒಂದು ದೇಶದಲ್ಲಿ ಒಂದು ಅಂಕಿ, ಇನ್ನೊಂದು ದೇಶದಲ್ಲಿ ಇನ್ನೊಂದು ಅಂಕಿ.

ನನ್ನ ಗೆಳೆಯನ ಸ್ಕ್ರೀನ್‌ಶಾಟ್‌ನಲ್ಲಿ ಆಗಿದ್ದೂ ಇದೇ. 1.19 ಅನ್ನುವುದು 1 ಗ್ರಾಂ ಲೆಕ್ಕದ್ದು, 0.6 ಅನ್ನುವುದು 10 ಗ್ರಾಂ ಲೆಕ್ಕದ್ದು. ಎರಡು ಬೇರೆ ಬೇರೆ ಮಾರುಕಟ್ಟೆಯ ಪುಟಗಳಿಂದ ಎತ್ತಿದ್ದ. ಒಂದನ್ನು ಮೊಳದಲ್ಲಿ, ಇನ್ನೊಂದನ್ನು ಗೇಣಿನಲ್ಲಿ ಅಳೆದು ಯಾವುದು ಉದ್ದ ಅಂತ ಕೇಳಿದ ಹಾಗೆ.

ಸರಿ, ಎರಡನ್ನೂ ಒಂದೇ ಅಳತೆಗೆ ತಂದರೆ ಹೋಲಿಸಬಹುದಲ್ಲ? ಅಲ್ಲೂ ಒಂದು ತೊಡಕಿದೆ. ಅದು ಗೊತ್ತಾಗಬೇಕಾದರೆ ಪರೀಕ್ಷೆ ನಡೆಯುವ ಕೋಣೆಗೆ ಹೋಗಬೇಕು.

ಸಕ್ಕರೆ ನೀರು ತುಂಬಿದ ತಲೆ

ಸಾರ್ ಅಳೆಯುವ ಲ್ಯಾಬ್‌ನಲ್ಲಿ ಮನುಷ್ಯರು ಫೋನ್ ಹಿಡಿದು ಕೂರುವುದಿಲ್ಲ. ಒಂದು ಮೇಜು. ಅದರಲ್ಲಿ ತಲೆಯ ಆಕಾರದ ಎರಡು ಅಚ್ಚು. ತಲೆಯನ್ನು ಮಧ್ಯಕ್ಕೆ ಸೀಳಿ ಒಂದೊಂದು ಹೋಳನ್ನು ಮಗ್ಗುಲಾಗಿ ಮಲಗಿಸಿದ ಹಾಗೆ ಇರುತ್ತದೆ. ಒಂದು ಎಡಗೆನ್ನೆ, ಇನ್ನೊಂದು ಬಲಗೆನ್ನೆ. ಅಚ್ಚಿನ ಗೋಡೆ ಬರೀ 2 ಮಿಲಿಮೀಟರ್ ದಪ್ಪ. ಒಳಗೆ ದ್ರವ ತುಂಬಿರುತ್ತಾರೆ. ಮಿದುಳು ರೇಡಿಯೊ ತರಂಗವನ್ನು ಹೇಗೆ ಹೀರಿಕೊಳ್ಳುತ್ತದೋ ಹಾಗೆಯೇ ಹೀರಿಕೊಳ್ಳುವ ದ್ರವ. ಹಳೆಯ ಪಾಕವಿಧಾನಗಳಲ್ಲಿ ಅದು ಹೆಚ್ಚುಕಡಿಮೆ ನೀರು, ಸಕ್ಕರೆ ಮತ್ತು ಉಪ್ಪು. ತಮಾಷೆ ಅಲ್ಲ, ನಿಜವಾಗಿಯೂ ಸಕ್ಕರೆಯೇ.

ಫೋನನ್ನು ಕೆಳಗಿನಿಂದ ಆ ಕೆನ್ನೆಗೆ ಒತ್ತಿ ನಿಲ್ಲಿಸುತ್ತಾರೆ. ಮೇಲಿನಿಂದ ರೋಬೋ ಕೈಯೊಂದು ತೆಳ್ಳಗಿನ ಕಡ್ಡಿಯನ್ನು ದ್ರವದೊಳಗೆ ಅದ್ದಿ, ಒಂದೊಂದೇ ಬಿಂದುವಿನಲ್ಲಿ ನಿಂತು ಅಳೆಯುತ್ತ ಹೋಗುತ್ತದೆ. ಎಡಗೆನ್ನೆ ಆಯಿತು, ಬಲಗೆನ್ನೆ ಆಯಿತು. ಫೋನನ್ನು 15 ಡಿಗ್ರಿ ವಾಲಿಸಿ ಇನ್ನೊಮ್ಮೆ. ಆಮೇಲೆ ಫೋನ್ ಬಳಸುವ ಬೇರೆ ಬೇರೆ ತರಂಗಾಂತರದ ಬ್ಯಾಂಡ್‌ಗಳಲ್ಲಿ ಮತ್ತೆ ಇದೇ ಕೆಲಸ. ಇಷ್ಟೂ ಹೊತ್ತು ಫೋನು ತನ್ನ ಗರಿಷ್ಠ ಶಕ್ತಿಯಲ್ಲೇ ಕೂಗುತ್ತಿರಬೇಕು. ಅದಕ್ಕಾಗಿ ಟವರ್‌ನಂತೆ ನಟಿಸುವ ಒಂದು ಯಂತ್ರ ಪಕ್ಕದಲ್ಲಿ ಕೂತು, ‘ಕೇಳಿಸ್ತಿಲ್ಲ, ಇನ್ನೂ ಜೋರಾಗಿ’ ಅನ್ನುತ್ತಲೇ ಇರುತ್ತದೆ.

ಕೊನೆಗೆ ಸಿಕ್ಕಿದ ನೂರಾರು ಅಂಕಿಗಳಲ್ಲಿ ಅತಿ ದೊಡ್ಡದು ಯಾವುದೋ ಅದೊಂದನ್ನೇ ಎತ್ತಿ ಪಟ್ಟಿಯಲ್ಲಿ ಬರೆಯುತ್ತಾರೆ.

ಈಗ ಯೋಚನೆ ಮಾಡಿ. ಒಂದು ಫೋನು ಯಾವುದೋ ಒಂದು ಬ್ಯಾಂಡ್‌ನಲ್ಲಿ, ಯಾವುದೋ ಒಂದು ಕೋನದಲ್ಲಿ ಮಾತ್ರ 1.19 ಮುಟ್ಟಿ, ಉಳಿದೆಲ್ಲ ಕಡೆ 0.3ರಲ್ಲಿ ಇರಬಹುದು. ಇನ್ನೊಂದು ಫೋನು ಎಲ್ಲ ಕಡೆಯೂ 0.8ರಲ್ಲೇ ಇರಬಹುದು. ಪಟ್ಟಿಯಲ್ಲಿ ಎರಡನೆಯದೇ ಸಾಧು ಪ್ರಾಣಿಯಂತೆ ಕಾಣುತ್ತದೆ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕೂಡ ಇದನ್ನೇ ಹೇಳುತ್ತದೆ. ಸಾರ್ ಅಂಕಿಯಿಂದ ಫೋನು ಮಿತಿಯೊಳಗೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅದನ್ನಿಟ್ಟುಕೊಂಡು ಫೋನ್‌ಗಳನ್ನು ಒಂದಕ್ಕೊಂದು ಹೋಲಿಸಬೇಡಿ ಅಂತ. ಸ್ಯಾನ್ ಫ್ರಾನ್ಸಿಸ್ಕೊ ನಗರ 2010ರಲ್ಲಿ ಅಂಗಡಿಗಳಲ್ಲಿ ಫೋನಿನ ಪಕ್ಕ ಸಾರ್ ಅಂಕಿ ಬರೆದಿಡಬೇಕು ಅಂತ ಕಾಯಿದೆ ಮಾಡಿತ್ತು. ಮೊಬೈಲ್ ಉದ್ಯಮ ಕೋರ್ಟಿಗೆ ಹೋಯಿತು, 2013ರಲ್ಲಿ ನಗರವೇ ಕೈಬಿಟ್ಟಿತು. ಉದ್ಯಮದ ಉದ್ದೇಶ ಏನೇ ಇರಲಿ, ಆ ಅಂಕಿ ಅಂಗಡಿಯಲ್ಲಿ ನಿಂತವರ ದಾರಿ ತಪ್ಪಿಸುತ್ತಿತ್ತು ಅನ್ನುವುದು ನಿಜ.

ಟಿಕ್ ಟಿಟಿಕ್ ಟಿಟಿಕ್

ಲ್ಯಾಬ್‌ನಲ್ಲಿ ಫೋನು ಗಂಟಲು ಹರಿಯುವಂತೆ ಕೂಗುತ್ತದೆ. ನಮ್ಮ ಕೈಯಲ್ಲಿ ಇರುವಾಗ? ಹೆಚ್ಚಿನ ಸಮಯ ಪಿಸುಗುಟ್ಟುತ್ತದೆ.

ಇದನ್ನು ನಾವು ಒಂದು ಕಾಲದಲ್ಲಿ ಕಿವಿಯಾರೆ ಕೇಳಿದ್ದೇವೆ. ಹಳೆಯ 2ಜಿ ಫೋನನ್ನು ಸ್ಪೀಕರ್ ಅಥವಾ ಟಿವಿ ಪಕ್ಕ ಇಟ್ಟಿದ್ದರೆ, ಕರೆ ಬರುವ ಒಂದೆರಡು ಸೆಕೆಂಡ್ ಮುಂಚೆಯೇ ‘ಟಿಕ್ ಟಿಟಿಕ್ ಟಿಟಿಕ್’ ಅಂತ ಸದ್ದು ಬರುತ್ತಿತ್ತಲ್ಲ? ಫೋನ್ ಹೊಡೆದುಕೊಳ್ಳುವ ಮೊದಲೇ ‘ಯಾರೋ ಫೋನ್ ಮಾಡ್ತಿದ್ದಾರೆ’ ಅಂತ ಹೇಳಿ ದೊಡ್ಡ ಜ್ಯೋತಿಷಿಯ ಹಾಗೆ ಮುಖ ಮಾಡಿದವರಲ್ಲಿ ನಾನೂ ಒಬ್ಬ. ಆ ಸದ್ದು ಫೋನು ಟವರ್‌ಗೆ ಉತ್ತರ ಕೊಡುತ್ತಿದ್ದುದು. 2ಜಿ ಫೋನು ಸತತವಾಗಿ ತರಂಗ ಬಿಡುತ್ತಿರಲಿಲ್ಲ. ಎಂಟು ಜನ ಸರದಿಯಲ್ಲಿ ಮಾತಾಡುವ ಹಾಗೆ, ಎಂಟರಲ್ಲಿ ಒಂದು ಪಾಲು ಸಮಯ ಮಾತ್ರ ಇದರ ಸರದಿ. ಸೆಕೆಂಡಿಗೆ ಸುಮಾರು 217 ಸಲ ಹೀಗೆ ಹೊಡೆತ ಹೊಡೆತವಾಗಿ ಬರುತ್ತಿದ್ದ ತರಂಗವನ್ನು ಸ್ಪೀಕರ್‌ನ ತಂತಿ ಹಿಡಿದುಕೊಂಡು ಸದ್ದು ಮಾಡುತ್ತಿತ್ತು. 900 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಆ ಒಂದೊಂದು ಹೊಡೆತದ ಗರಿಷ್ಠ ಶಕ್ತಿ 2 ವ್ಯಾಟ್. ಸರಾಸರಿ ತೆಗೆದರೆ ಕಾಲು ವ್ಯಾಟ್. ಕರೆ ಶುರುವಾಗುವಾಗ ಜೋರು ಇರುತ್ತಿತ್ತು, ಟವರ್ ‘ಸಾಕು, ಕೇಳಿಸ್ತಿದೆ’ ಅಂದಮೇಲೆ ಇಳಿಯುತ್ತಿತ್ತು. ಸ್ಪೀಕರ್ ಸದ್ದೂ ಆಗ ಸಣ್ಣದಾಗುತ್ತಿತ್ತು.

3ಜಿ ಬಂದಮೇಲೆ ಈ ಏರಿಳಿತ ಇನ್ನೂ ಚುರುಕಾಯಿತು. ಟವರ್ ಮತ್ತು ಫೋನು ಸೆಕೆಂಡಿಗೆ 1,500 ಸಲ ಶಕ್ತಿಯನ್ನು ಸರಿಹೊಂದಿಸಿಕೊಳ್ಳುತ್ತವೆ. ಮಾಮೂಲಿ 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 200 ಮಿಲಿವ್ಯಾಟ್, ಅಂದರೆ ವ್ಯಾಟ್‌ನ ಐದನೇ ಒಂದು ಭಾಗ. ಕನಿಷ್ಠ ಎಷ್ಟಕ್ಕೆ ಇಳಿಯಲು ಬರಬೇಕು ಅಂತಲೂ 4ಜಿಯ ತಾಂತ್ರಿಕ ನಿಯಮದಲ್ಲಿ ಇದೆ. ಅದು 0.0001 ಮಿಲಿವ್ಯಾಟ್. ಈ ಎರಡರ ನಡುವೆ 20 ಲಕ್ಷ ಪಟ್ಟು ಅಂತರ.

20 ಲಕ್ಷ ಪಟ್ಟು! ಎರಡು ಫೋನ್‌ಗಳ ಸಾರ್ ಅಂಕಿಯ ನಡುವೆ ಇರುವುದು ಸಾಮಾನ್ಯವಾಗಿ ಕೆಲವೇ ಪಟ್ಟು ವ್ಯತ್ಯಾಸ. ಕಡಿಮೆ ಸಾರ್ ಇರುವ ಫೋನನ್ನೇ ಹುಡುಕಿ ತಂದು, ಸಿಗ್ನಲ್ ಒಂದು ಕಡ್ಡಿಯೂ ಸರಿಯಾಗಿ ಇಲ್ಲದ ನೆಲಮಾಳಿಗೆಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುವವರು, ಜಾಸ್ತಿ ಸಾರ್ ಇರುವ ಫೋನ್ ಹಿಡಿದು ತೆರೆದ ಕಿಟಕಿಯ ಪಕ್ಕ ಮಾತಾಡುವವರಿಗಿಂತ ಎಷ್ಟೋ ಹೆಚ್ಚು ತರಂಗ ತೆಗೆದುಕೊಳ್ಳುತ್ತಾರೆ. ಇದೊಂದು ಮಾತು ತಲೆಯಲ್ಲಿ ಇದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಲಿಫ್ಟ್ ಒಳಗೆ ಹೋದಾಗ ಫೋನು ಯಾಕೆ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಸಿಗ್ನಲ್ ಇಲ್ಲದ ಊರಿಗೆ ಹೋದರೆ ಬ್ಯಾಟರಿ ಯಾಕೆ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ, ಓಡುವ ರೈಲಿನಲ್ಲಿ ಯಾಕೆ ಬೇಗ ಇಳಿಯುತ್ತದೆ, ಎಲ್ಲಕ್ಕೂ ಒಂದೇ ಕಾರಣ. ಟವರ್ ಸರಿಯಾಗಿ ಸಿಗದೆ ಫೋನು ಜೋರಾಗಿ ಕೂಗುತ್ತಿದೆ. ಬ್ಯಾಟರಿ ಇಳಿಯುವ ವೇಗವೇ ಒಂಥರಾ ಬಡವರ ರೇಡಿಯೇಶನ್ ಮೀಟರ್. ಪಕ್ಕಾ ಅಳತೆಯಲ್ಲ, ಆದರೂ ಸುಳಿವು ಕೊಡುತ್ತದೆ.

ಇನ್ನು ಟವರ್‌ ಮಾತು. ‘ನಮ್ಮ ಬೀದಿಯಲ್ಲಿ ಟವರ್ ಬೇಡ’ ಅಂತ ಜಗಳ ಆಗದ ದೇಶವೇ ಇಲ್ಲವೇನೋ. ಟವರ್ ಹೆಚ್ಚು ಶಕ್ತಿಯಲ್ಲಿ ತರಂಗ ಬಿಡುತ್ತದೆ, ನಿಜ. ಆದರೆ ಅದು ಹತ್ತಾರು ಮೀಟರ್ ದೂರದಲ್ಲಿ, ಎತ್ತರದಲ್ಲಿ ಇರುತ್ತದೆ. ದೂರ ಎರಡು ಪಟ್ಟಾದರೆ ತರಂಗದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಮೈಗೆ ಅಂಟಿಕೊಂಡೇ ಇರುವ ಟ್ರಾನ್ಸ್‌ಮಿಟರ್ ಅಂದರೆ ಜೇಬಿನಲ್ಲಿರುವ ಫೋನು. ಟವರ್ ದೂರಕ್ಕೆ ಓಡಿಸಿದಷ್ಟೂ ಜೇಬಿನದು ಜೋರಾಗಿ ಕೂಗುತ್ತದೆ. ಟವರ್ ವಿರುದ್ಧ ಸಭೆ ಕರೆಯಲು ಅದೇ ಫೋನಿನಲ್ಲಿ ಐವತ್ತು ಜನರಿಗೆ ಕರೆ ಮಾಡಿದರೆ ಆ ದಿನದ ಲೆಕ್ಕ ಹೇಗಿರುತ್ತದೆ ಅಂತ ನೀವೇ ಊಹಿಸಿ.

ಮಿತಿ ಬಂದದ್ದು ಎಲ್ಲಿಂದ

1.6 ಅಥವಾ 2 ಅನ್ನುವುದನ್ನು ಯಾರೂ ಸುಮ್ನೆ ಬರೆದದ್ದಲ್ಲ. ಇಡೀ ಮೈ ಕೆಜಿಗೆ 4 ವ್ಯಾಟ್‌ನಷ್ಟು ಹೀರಿಕೊಂಡರೆ ಮೈಯ ಒಳಗಿನ ಬಿಸಿ ಸುಮಾರು 1 ಡಿಗ್ರಿ ಏರುತ್ತದೆ. ಅದನ್ನು ಐವತ್ತರಿಂದ ಭಾಗಿಸಿ ಸಾರ್ವಜನಿಕರಿಗೆ ಇಡೀ ಮೈಯ ಮಿತಿಯನ್ನು 0.08 ಅಂತ ಇಟ್ಟರು. ತಲೆಯಂಥ ಒಂದು ಭಾಗಕ್ಕೆ ಬೇರೆ ಲೆಕ್ಕ. ರೇಡಿಯೊ ತರಂಗಗಳ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 2020ರಲ್ಲಿ ಹೊಸದಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ತೊಂದರೆ ಶುರುವಾಗುವ ಮಟ್ಟವನ್ನು ಕೆಜಿಗೆ 20 ವ್ಯಾಟ್ ಅಂತ ಇಟ್ಟುಕೊಂಡು, ಸಾರ್ವಜನಿಕರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 2 ವ್ಯಾಟ್ ಅಂತ ಹೇಳಿದೆ. ಮಾತಾಡುವಾಗ ಕಿವಿ ಬಿಸಿಯಾಗುತ್ತದಲ್ಲ ಅಂತ ಕೇಳಬಹುದು. ಅದರಲ್ಲಿ ಬಹುಪಾಲು ಬ್ಯಾಟರಿ ಮತ್ತು ಚಿಪ್‌ನ ಬಿಸಿ, ಜೊತೆಗೆ ಗಾಳಿ ಆಡದ ಹಾಗೆ ಕಿವಿ ಮುಚ್ಚಿದ್ದರ ಫಲ. ತರಂಗದ ಪಾಲು ತೀರಾ ಕಡಿಮೆ.

ಮಿತಿ ಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಫ್ರಾನ್ಸ್ ಪ್ರಸಂಗ ಚೆನ್ನಾಗಿದೆ. ಅಲ್ಲಿನ ನಿಯಂತ್ರಣ ಸಂಸ್ಥೆ ಎಎನ್‌ಎಫ್‌ಆರ್ ಅಂಗಡಿಗಳಿಂದಲೇ 141 ಫೋನ್ ತಂದು ಪರೀಕ್ಷೆ ಮಾಡಿಸಿತು. ಅದರಲ್ಲಿ ಐಫೋನ್ 12 ಸಿಕ್ಕಿಬಿತ್ತು. ಕೈಯಲ್ಲಿ ಹಿಡಿದಾಗಿನ, ಪ್ಯಾಂಟಿನ ಜೇಬಿನಲ್ಲಿಟ್ಟಾಗಿನ ಅಳತೆಯಲ್ಲಿ, ಕೈಕಾಲಿಗೆ ಬೇರೆಯಾಗಿ ಇರುವ ಕೆಜಿಗೆ 4 ವ್ಯಾಟ್ ಮಿತಿಗೆ ಬದಲು 5.74 ಬಂತು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಅದರ ಮಾರಾಟ ನಿಲ್ಲಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆದರೆ ಅದೇ ಫೋನು ಮೈಯಿಂದ 5 ಮಿಲಿಮೀಟರ್ ದೂರದ ಪರೀಕ್ಷೆಯಲ್ಲಿ ಪಾಸಾಗಿತ್ತು.

ನನಗೆ ಕುತೂಹಲ ಅನ್ನಿಸಿದ್ದು ಆಮೇಲಿನ ಸಂಗತಿ. ಆ್ಯಪಲ್ ಒಂದೇ ಒಂದು ಬಿಡಿಭಾಗವನ್ನೂ ಬದಲಿಸಲಿಲ್ಲ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿತು, ಮಾರಾಟ ಮತ್ತೆ ಶುರುವಾಯಿತು. ಈಗಿನ ಫೋನ್‌ಗಳಲ್ಲಿ ಮೈ ಹತ್ತಿರ ಇದೆಯೋ ಮೇಜಿನ ಮೇಲೆ ಇದೆಯೋ ಅಂತ ತಿಳಿಯುವ ಸೆನ್ಸರ್ ಇರುತ್ತದೆ. ಮೇಜಿನ ಮೇಲಿದ್ದರೆ ಶಕ್ತಿ ಸ್ವಲ್ಪ ಏರಿಸಿಕೊಳ್ಳುತ್ತದೆ, ಮೈಗೆ ಅಂಟಿದ್ದರೆ ಇಳಿಸುತ್ತದೆ. ಐಫೋನ್ 12ರಲ್ಲಿ ತಕರಾರು ಆದದ್ದು ಈ ಏರ್ಪಾಡಿನ ಬಗ್ಗೆಯೇ. ಅಂದರೆ ಡಬ್ಬಿಯ ಮೇಲೆ ಅಚ್ಚಾದ ಅಂಕಿ ಕಲ್ಲಿನಲ್ಲಿ ಕೆತ್ತಿದ್ದೇನೂ ಅಲ್ಲ, ಒಂದು ರಾತ್ರಿ ಚಾರ್ಜಿಗೆ ಹಾಕಿ ಮಲಗಿ ಎದ್ದರೆ ಬದಲಾಗಿರಬಹುದು. ಇನ್ನೊಂದು ವಿಷಯ: ಆ ಫೋನು ಮಾರುಕಟ್ಟೆಗೆ ಬಂದದ್ದು 2020ರಲ್ಲಿ. ಮೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಕಂಪನಿ ಕೊಟ್ಟ ಕಾಗದವನ್ನೇ ನಂಬಿ ಕೂರದೆ ಅಂಗಡಿಯಿಂದ ಫೋನ್ ತಂದು ಅಳೆಯುವ ಸಂಸ್ಥೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಪರೀಕ್ಷೆಯ ಮೇಲಿನ ದೂರುಗಳೂ ಸುಮ್ನೆ ಹುಟ್ಟಿದವಲ್ಲ. ಅಚ್ಚಿನ ತಲೆ ದೊಡ್ಡಾಳು ಗಂಡಸಿನದು, ಅದೂ ಅಮೆರಿಕದ ಸೈನಿಕರ ಅಳತೆಯಿಂದ ಮಾಡಿದ್ದು. ಮಕ್ಕಳ ತಲೆ ಚಿಕ್ಕದು, ತಲೆಬುರುಡೆ ತೆಳು, ಕೆಲವು ಭಾಗಗಳು ದೊಡ್ಡವರಿಗಿಂತ ಜಾಸ್ತಿ ಹೀರಿಕೊಳ್ಳಬಹುದು. ದೊಡ್ಡ ತಲೆಯೇ ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ಅದರ ಅಳತೆ ಎಲ್ಲರಿಗೂ ಸಾಕು ಅಂತ ಪರೀಕ್ಷಕರ ವಾದ. ತಜ್ಞರಲ್ಲಿ ಈ ಚರ್ಚೆ ನಡೆದೇ ಇದೆ. ಬೆಲ್ಜಿಯಂ ಕಾಯದೆ 2014ರಲ್ಲಿ ಏಳು ವರ್ಷದ ಒಳಗಿನ ಮಕ್ಕಳಿಗಾಗಿಯೇ ಮಾಡಿದ ಫೋನ್‌ಗಳ ಮಾರಾಟ ನಿಲ್ಲಿಸಿತು. ಅಮೆರಿಕದ ಮಿತಿ 1996ರಲ್ಲಿ ತಂದದ್ದು. 2019ರಲ್ಲಿ ಎಫ್‌ಸಿಸಿ ‘ಅದೇ ಇರಲಿ’ ಅಂದಾಗ ಕೆಲವರು ಕೋರ್ಟಿಗೆ ಹೋದರು. 2021ರ ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟು, ಕ್ಯಾನ್ಸರ್ ಬಿಟ್ಟು ಬೇರೆ ತೊಂದರೆಗಳ ಬಗ್ಗೆ ಬಂದ ಸಾಕ್ಷ್ಯಗಳಿಗೆ ನೀವು ಸರಿಯಾದ ಉತ್ತರವನ್ನೇ ಕೊಟ್ಟಿಲ್ಲ ಅಂತ ಹೇಳಿ ವಾಪಸ್ ಕಳಿಸಿತು. ಮಿತಿ ತಪ್ಪು ಅಂತ ಕೋರ್ಟ್ ಹೇಳಲಿಲ್ಲ. ಕಾರಣ ಕೊಡಿ ಅಂತ ಕೇಳಿತು. ಕೇಳಬೇಕಾದದ್ದೇ.

ಕ್ಯಾನ್ಸರ್ ಬರುತ್ತಾ?

ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದು. ಉಳಿದದ್ದೆಲ್ಲ ಪೀಠಿಕೆ.

ಮೊದಲು ಭೌತಶಾಸ್ತ್ರದ ಒಂದು ಸಾಲು. ಎಕ್ಸ್‌ರೇ ಅಪಾಯಕಾರಿ, ಯಾಕೆಂದರೆ ಅದರ ಒಂದೊಂದು ಕಣಕ್ಕೂ ಅಣುವನ್ನು ಒಡೆದು ಡಿಎನ್‌ಎ ಕೆಡಿಸುವ ಕಸುವಿದೆ. ಫೋನಿನ ತರಂಗಕ್ಕೆ ಅದಿಲ್ಲ. ನಾವು ದಿನಾ ನೋಡುವ ಹಸಿರು ಬೆಳಕಿನ ಒಂದು ಕಣದಲ್ಲಿರುವ ಶಕ್ತಿ ಫೋನ್ ತರಂಗದ ಕಣಕ್ಕಿಂತ ಎರಡು ಲಕ್ಷ ಪಟ್ಟಿಗೂ ಜಾಸ್ತಿ. ‘ರೇಡಿಯೇಶನ್’ ಅನ್ನುವ ಒಂದೇ ಪದ ಎರಡಕ್ಕೂ ಬಳಸುವುದರಿಂದಲೇ ಅರ್ಧ ಗೊಂದಲ.

ಹಾಗಾದರೆ ವಿಶ್ವ ಆರೋಗ್ಯ ಸಂಸ್ಥೆಯೇ ‘ಕ್ಯಾನ್ಸರ್ ತರಬಹುದು’ ಅಂದಿತ್ತಲ್ಲ? ಅಂದಿತ್ತು. ಅದರ ಕ್ಯಾನ್ಸರ್ ಸಂಶೋಧನಾ ಘಟಕ ಐಎಆರ್‌ಸಿ 2011ರ ಮೇ ತಿಂಗಳಲ್ಲಿ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಸಾಕ್ಷ್ಯ ಸಾಲದು, ಆದರೆ ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ ಅನ್ನುವ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಕಾಫಿ ಕೂಡ ಮೂತ್ರಕೋಶದ ಕ್ಯಾನ್ಸರ್ ವಿಚಾರದಲ್ಲಿ 2016ರವರೆಗೆ ಅಲ್ಲೇ ಇತ್ತು. ಆ ಗುಂಪು ಅಪಾಯ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ, ಸಾಕ್ಷ್ಯ ಎಷ್ಟು ಗಟ್ಟಿ ಅಂತ ಮಾತ್ರ ಹೇಳುತ್ತದೆ.

2011ರ ನಿರ್ಧಾರದ ಹಿಂದೆ ಮುಖ್ಯವಾಗಿ ಇದ್ದದ್ದು 13 ದೇಶಗಳಲ್ಲಿ ನಡೆದ ಇಂಟರ್‌ಫೋನ್ ಅಧ್ಯಯನ. 2010ರಲ್ಲಿ ಪ್ರಕಟವಾಯಿತು. ಒಟ್ಟು 1,640 ಗಂಟೆಗಿಂತ ಹೆಚ್ಚು ಮಾತಾಡಿದವರಲ್ಲಿ ಗ್ಲಯೋಮಾ ಎಂಬ ಮಿದುಳಿನ ಗಡ್ಡೆ ಶೇ. 40ರಷ್ಟು ಹೆಚ್ಚು ಕಂಡಿತು. ಸುದ್ದಿಯಾದದ್ದು ಇಷ್ಟೇ. ಅದೇ ಅಧ್ಯಯನದಲ್ಲಿ, ಫೋನ್ ಬಳಸುವವರನ್ನೆಲ್ಲ ಒಟ್ಟು ಸೇರಿಸಿ ನೋಡಿದರೆ, ಬಳಸದವರಿಗಿಂತ ಅವರಲ್ಲಿ ಗಡ್ಡೆ ಕಡಿಮೆ! ಫೋನು ಮಿದುಳನ್ನು ಕಾಪಾಡುತ್ತದೆ ಅಂತ ಯಾರೂ ನಂಬುವುದಿಲ್ಲ. ಹಾಗಾದರೆ ಲೆಕ್ಕದಲ್ಲೇ ಏನೋ ಓರೆಯಿದೆ ಅಂತಾಯಿತು. ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಿದ್ದಿರಿ ಅಂತ ಗಡ್ಡೆ ಬಂದವರನ್ನು ಕೇಳಿದರೆ, ಅವರು ಕಾರಣ ಹುಡುಕುತ್ತ ಜಾಸ್ತಿಯೇ ನೆನಪಿಸಿಕೊಳ್ಳುತ್ತಾರೆ. ದಿನಕ್ಕೆ ಹನ್ನೆರಡು ಗಂಟೆ ಮಾತಾಡುತ್ತಿದ್ದೆ ಅಂದವರೂ ಅದರಲ್ಲಿ ಇದ್ದರು.

ನೆನಪನ್ನು ನಂಬದೆ, ಮೊದಲೇ ಜನರನ್ನು ಗುರುತಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಆಮೇಲೆ ಬಂದವು. ಬ್ರಿಟನ್ನಿನಲ್ಲಿ 7.7 ಲಕ್ಷದಷ್ಟು ಹೆಂಗಸರನ್ನು ನೋಡಿದ ಅಧ್ಯಯನದ ಫಲ 2022ರಲ್ಲಿ ಬಂತು. ಯುರೋಪಿನ ಹಲವು ದೇಶಗಳ 2.5 ಲಕ್ಷಕ್ಕೂ ಹೆಚ್ಚು ಜನರ ಕಾಸ್ಮೋಸ್ ಅಧ್ಯಯನದ್ದು 2024ರಲ್ಲಿ. ಎರಡರಲ್ಲೂ ಮಿದುಳಿನ ಗಡ್ಡೆ ಹೆಚ್ಚಾದದ್ದು ಕಾಣಲಿಲ್ಲ. 2024ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕೇಳಿ ಮಾಡಿಸಿದ ಒಂದು ವಿಮರ್ಶೆ, 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಜರಡಿ ಹಿಡಿದು ಅದೇ ತೀರ್ಮಾನಕ್ಕೆ ಬಂತು. ಇನ್ನೊಂದು ಸರಳ ಸಂಗತಿ: ತೊಂಬತ್ತರ ದಶಕದಿಂದ ಈಚೆಗೆ ಮೊಬೈಲ್ ಬಳಕೆ ಆಕಾಶಕ್ಕೆ ಏರಿತು, ಮಿದುಳಿನ ಕ್ಯಾನ್ಸರ್ ಪ್ರಮಾಣ ಅದರ ಜೊತೆ ಏರಲಿಲ್ಲ.

ಇಲಿಗಳ ಕಥೆಯನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅಮೆರಿಕದ ಸರ್ಕಾರಿ ವಿಷಶಾಸ್ತ್ರ ಯೋಜನೆ ಎನ್‌ಟಿಪಿ 2018ರಲ್ಲಿ ಹೊರಡಿಸಿದ ವರದಿಯಲ್ಲಿ, ಗಂಡು ಇಲಿಗಳ ಹೃದಯದ ನರದ ಹೊದಿಕೆಯಲ್ಲಿ ಗಡ್ಡೆ ಬರುವುದಕ್ಕೆ ‘ಸ್ಪಷ್ಟ ಸಾಕ್ಷ್ಯ’ ಇದೆ ಅಂತ ಹೇಳಿತು. ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ಆದರೆ ಆ ಇಲಿಗಳು ದಿನಕ್ಕೆ 9 ಗಂಟೆ, ಎರಡು ವರ್ಷ, ಇಡೀ ಮೈಗೆ ಕೆಜಿಗೆ 6 ವ್ಯಾಟ್‌ವರೆಗೆ 2ಜಿ, 3ಜಿ ತರಂಗ ತೆಗೆದುಕೊಂಡಿದ್ದವು. ಮನುಷ್ಯರ ಇಡೀ ಮೈಯ ಮಿತಿ 0.08 ಅನ್ನುವುದನ್ನು ನೆನಪಿಸಿಕೊಳ್ಳಿ. ಹೆಣ್ಣು ಇಲಿಗಳಲ್ಲಿ ಅಂಥ ಸ್ಪಷ್ಟ ಸಾಕ್ಷ್ಯ ಸಿಗಲಿಲ್ಲ. ತರಂಗ ತಗುಲಿದ ಗಂಡು ಇಲಿಗಳು ತಗುಲದವುಗಳಿಗಿಂತ ಹೆಚ್ಚು ದಿನ ಬದುಕಿದವು ಬೇರೆ. ಇದನ್ನು ಏನಂತ ಓದುವುದು? ಐಎಆರ್‌ಸಿಯ ಸಲಹಾ ಸಮಿತಿ 2019ರಲ್ಲಿ ರೇಡಿಯೊ ತರಂಗಗಳನ್ನು ಮತ್ತೆ ಪರಿಶೀಲಿಸಬೇಕು ಅಂತ ಶಿಫಾರಸು ಮಾಡಿದೆ. ನನ್ನ ಅಂದಾಜು ಹೇಳುವುದಾದರೆ, ಇಷ್ಟು ವರ್ಷ ಇಷ್ಟು ಜನರಲ್ಲಿ ಕಾಣದ ಅಪಾಯ ಇದ್ದರೂ ತೀರಾ ಸಣ್ಣದೇ ಇರಬೇಕು.

5ಜಿ ಬಗ್ಗೆ ಒಂದೇ ಮಾತು. ಅದರ ಬಹುಪಾಲು ಓಡುವುದು 4ಜಿಯ ಆಸುಪಾಸಿನ ಬ್ಯಾಂಡ್‌ಗಳಲ್ಲಿ. 24 ಗಿಗಾಹರ್ಟ್ಸ್‌ಗೂ ಮೇಲಿನ ಹೊಸ ಬ್ಯಾಂಡ್‌ಗಳ ತರಂಗ ಮೈಯೊಳಗೆ 1 ಮಿಲಿಮೀಟರ್‌ನಷ್ಟೂ ಇಳಿಯುವುದಿಲ್ಲ, ಚರ್ಮದಲ್ಲೇ ನಿಲ್ಲುತ್ತದೆ. ಅಲ್ಲಿ ಸಾರ್ ಬದಲು ಚರ್ಮದ ಮೇಲೆ ಬೀಳುವ ಶಕ್ತಿಯನ್ನು ಅಳೆಯುತ್ತಾರೆ.

ಸ್ಟಿಕ್ಕರ್, ಪದಕ ಮತ್ತು ಇತರೆ

ಭಯ ಇದ್ದಲ್ಲಿ ವ್ಯಾಪಾರ ಇದ್ದೇ ಇರುತ್ತದೆ. ಫೋನಿನ ಹಿಂದೆ ಅಂಟಿಸುವ ಬಂಗಾರದ ಬಣ್ಣದ ಚಿಪ್ ಸ್ಟಿಕ್ಕರ್, ರೇಡಿಯೇಶನ್ ತಡೆಯುವ ಕವರ್, ಕೊರಳಿಗೆ ಹಾಕುವ ಪದಕ. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2002ರಲ್ಲೇ ಇಂಥ ಸಾಮಾನು ಮಾರುವವರ ಮೇಲೆ ಕೇಸು ಹಾಕಿತ್ತು. ಅದು ಕೊಟ್ಟ ಎಚ್ಚರಿಕೆ ಈಗ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಸ್ಟಿಕ್ಕರ್ ನಿಜವಾಗಿಯೂ ಕೆಲಸ ಮಾಡಿ ತರಂಗಕ್ಕೆ ಅಡ್ಡ ಬಂದರೆ, ಟವರ್‌ಗೆ ಕೇಳಿಸಲಿಲ್ಲ ಅಂತ ಫೋನು ಇನ್ನೂ ಜೋರಾಗಿ ಕೂಗುತ್ತದೆ. ಕೆಲಸ ಮಾಡದಿದ್ದರೆ ದುಡ್ಡು ದಂಡ. ಕೆಲಸ ಮಾಡಿದರೆ ಅದಕ್ಕಿಂತ ದಂಡ.

ಪದಕಗಳದ್ದು ಇನ್ನೂ ಚೆಂದ. ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ 5ಜಿಯಿಂದ ಕಾಪಾಡುತ್ತವೆ ಅಂತ ಮಾರುತ್ತಿದ್ದ ಪದಕ, ಕೈಪಟ್ಟಿ ಮುಂತಾದ ಹತ್ತು ಸಾಮಾನುಗಳನ್ನು ಹೆಸರಿಸಿ, ಹಾಕಿಕೊಳ್ಳಬೇಡಿ ಅಂತ ಎಚ್ಚರಿಸಿತು. ಕಾರಣ? ಅವುಗಳಲ್ಲಿ ವಿಕಿರಣಶೀಲ ವಸ್ತು ಇತ್ತು. ಅಂದರೆ ಡಿಎನ್‌ಎ ಕೆಡಿಸುವ ಕಸುವಿರುವ, ನಿಜವಾದ ಅರ್ಥದ ರೇಡಿಯೇಶನ್. ಇಲ್ಲದ ಹಾವಿಗೆ ಹೆದರಿ ಇರುವ ಚೇಳನ್ನು ಕೊರಳಿಗೆ ಕಟ್ಟಿಕೊಂಡ ಹಾಗೆ.

ತರಂಗ ಕಡಿಮೆ ಮಾಡಿಕೊಳ್ಳಬೇಕು ಅನ್ನಿಸಿದರೆ ಬಿಟ್ಟಿ ಉಪಾಯ ಇದೆ: ದೂರ. ಒರಟು ಲೆಕ್ಕದಲ್ಲಿ, 1 ಸೆಂಟಿಮೀಟರ್ ದೂರದಲ್ಲಿದ್ದ ಫೋನನ್ನು 10 ಸೆಂಟಿಮೀಟರ್‌ಗೆ ಸರಿಸಿದರೆ ನೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಉದ್ದ ಮಾತಿದ್ದರೆ ಸ್ಪೀಕರ್ ಹಾಕಿ ಅಥವಾ ಇಯರ್‌ಫೋನ್ ಬಳಸಿ. ಬ್ಲೂಟೂತ್ ಕೂಡ ರೇಡಿಯೊ ತರಂಗವೇ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು, ಆದರೆ ಕಿವಿಗೆ ಹಾಕುವ ಸಣ್ಣ ಸಾಧನಗಳದ್ದು ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಒಂದೇ ಕಡ್ಡಿ ಇದ್ದರೆ ಕರೆಯ ಬದಲು ಮೆಸೇಜ್ ಹಾಕಿ. ಲಿಫ್ಟ್‌ನಲ್ಲಿ ಕರೆ ಬಂದರೆ ‘ಆಮೇಲೆ ಮಾಡ್ತೀನಿ’ ಅಂದರೂ ಆಯಿತು, ಹೇಗೂ ಅರ್ಧ ಮಾತು ಕೇಳಿಸುವುದಿಲ್ಲ. ನಿಮ್ಮ ಫೋನಿನ ಅಂಕಿ ನೋಡಲೇಬೇಕು ಅಂದರೆ ಬಹಳಷ್ಟು ಫೋನ್‌ಗಳಲ್ಲಿ *#07# ಒತ್ತಿದರೆ ಬರುತ್ತದೆ.

ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಮಾತ್ರ ಇದು ಅಂದಾಜಿನ ಮಾತಲ್ಲ. ಫೋನನ್ನು ಅಂಗಿಯ ಜೇಬಿನಲ್ಲಿ ಇಡಬಾರದು, ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ. ಅಲ್ಲಿ ತೊಂದರೆ ಬರೀ ತರಂಗದ್ದಲ್ಲ, ಈಗಿನ ಕೆಲವು ಫೋನ್‌ಗಳ ಬೆನ್ನಿನಲ್ಲಿರುವ ಅಯಸ್ಕಾಂತದ್ದು.

ನನ್ನ ಗೆಳೆಯ ಕೊನೆಗೆ ಕೊಂಡದ್ದು 1.19ರ ಫೋನನ್ನೇ. ಕ್ಯಾಮೆರಾ ಚೆನ್ನಾಗಿದೆ ಅಂತ. ಇದೆಲ್ಲ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಫೋನನ್ನು ತಿರುಗಿಸಿ ಇಟ್ಟು ಫೋಟೊ ತೆಗೆದು ಕಳಿಸಿದ. ಹಿಂದೆ ಬಂಗಾರದ ಬಣ್ಣದ ಒಂದು ಚೌಕ ಸ್ಟಿಕ್ಕರ್. ‘ಯಾರೋ ಕೊಟ್ಟಿದ್ರು ಕಣೋ, ಎರಡು ವರ್ಷ ಆಯ್ತು’ ಅಂದ. ಆಮೇಲೆ ಕಿತ್ತು ಹಾಕಿದನಂತೆ. ಅಂಟು ಇನ್ನೂ ಹೋಗಿಲ್ಲ.